ಪೋಷಕ ನಟ ಗಿರೀಶ ಕಾರ್ನಾಡ

‘ತುಘಲಕ್’, ‘ಹಯವದನ’ಗಳನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗೆ ಗಿರೀಶ ಕಾರ್ನಾಡರು ನಾಟಕಕಾರರು. ಅದೇ ವಿದ್ಯಾರ್ಥಿಯ ತಂದೆತಾಯಿಗಳಿಗೆ ಅವರು ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಅಪ್ಪ, ತಮ್ಮಂದಿರಿಗೆ ‘ಏಕ್ ಥಾ ಟೈಗರ್’ನ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಡಾ. ಶೆಣೈ. ಮೊದಲನೆಯವರು ಸಾಹಿತಿ, ಉಳಿದವರು ಹೊಟ್ಟೆಪಾಡಿನ ನಟ ಎಂದು ಭಾಗ ಮಾಡಿಬಿಡುವುದು ಸುಲಭ. ಆದರೆ ಆ ನಟನೆಯನ್ನು ಬದಿಗಿಟ್ಟರೆ ನಾಟಕಕಾರನ ಒಂದು ಮುಖವೂ ಮರೆಯಾಗುತ್ತದೆ.

ಕಾರ್ನಾಡರು 1938ರಲ್ಲಿ ಮಹಾರಾಷ್ಟ್ರದ ಮಾಥೇರಾನಿನಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ; ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ತೆರೆಗೆ ಬಂದದ್ದು 1970ರ ‘ಸಂಸ್ಕಾರ’ದಿಂದ. ಅದರ ಚಿತ್ರಕಥೆ ಅವರದೇ, ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ಶಾಸ್ತ್ರವೆಲ್ಲ ಬಲ್ಲ, ಆದರೆ ಎದುರಿಗೆ ಬಿದ್ದ ಹೆಣವನ್ನು ಏನು ಮಾಡಬೇಕೆಂದು ತಿಳಿಯದ ಪಂಡಿತ! ಮುಂದೆ ಹನ್ನೆರಡು ವರ್ಷ ಈ ಮನುಷ್ಯನೇ ಬೇರೆ ಬೇರೆ ವೇಷಗಳಲ್ಲಿ ಅವರನ್ನು ಹುಡುಕಿಕೊಂಡು ಬಂದ.

ಅವನನ್ನು ಮತ್ತೆ ಮತ್ತೆ ಬರೆದವರು ಮರಾಠಿಯ ವಿಜಯ ತೆಂಡೂಲ್ಕರ್. ಶ್ಯಾಮ್ ಬೆನೆಗಲ್ಲರ ‘ನಿಶಾಂತ್’ (1975), ‘ಮಂಥನ್’ (1976), ಜಬ್ಬಾರ್ ಪಟೇಲರ ‘ಉಂಬರಠಾ’ (1982) – ಈ ಮೂರರ ಚಿತ್ರಕಥೆಯೂ ಅವರದು. ‘ನಿಶಾಂತ್’ ತೆಲಂಗಾಣದ ಜಮೀನುದಾರಿಯ ಕಥೆ. ಹೆಂಡತಿಯನ್ನು ಜಮೀನುದಾರನ ತಮ್ಮಂದಿರು ಹೊತ್ತೊಯ್ದಾಗ ಶಾಲಾ ಮಾಸ್ತರ ಪೊಲೀಸರ ಬಳಿಗೆ, ಅಧಿಕಾರಿಗಳ ಬಳಿಗೆ ಅಲೆಯುತ್ತಾನೆ. ಕಡೆಗೆ ಊರು ದಂಗೆಯೇಳುತ್ತದೆ. ಆ ರೋಷ ಅವನ ಹೆಂಡತಿಯನ್ನೂ ಬಲಿ ತೆಗೆದುಕೊಳ್ಳುತ್ತದೆ. ‘ಮಂಥನ್’ನ ಪಶುವೈದ್ಯ ಡಾ. ರಾವ್ ಹಾಲಿನ ಸಹಕಾರಿ ಸಂಘ ಕಟ್ಟಲು ಹಳ್ಳಿಗೆ ಬರುತ್ತಾನೆ, ಕೆಲಸ ಅರ್ಧಕ್ಕೇ ನಿಂತಿರುವಾಗ ಹೊರಟುಹೋಗುತ್ತಾನೆ. ‘ಉಂಬರಠಾ’ದ ವಕೀಲ ಗಂಡ ಇನ್ನೂ ಸೂಕ್ಷ್ಮ. ಅವನು ಕೆಡುಕನಲ್ಲ, ಕೈಯೆತ್ತುವವನಲ್ಲ. ಮಹಿಳಾಶ್ರಮದ ನೌಕರಿ ಬಿಟ್ಟು ಮರಳಿದ ಹೆಂಡತಿಯೆದುರು ತನ್ನ ಇನ್ನೊಂದು ಸಂಬಂಧವನ್ನು ಸಭ್ಯತೆಯಿಂದಲೇ ಒಪ್ಪಿಕೊಳ್ಳುತ್ತಾನೆ. ಸ್ಮಿತಾ ಪಾಟೀಲರ ಸುಲಭಾ ಹೊಸ್ತಿಲು ದಾಟುವುದು ಆ ಸಭ್ಯತೆಯಿಂದಾಗಿಯೇ. ‘ಉಂಬರಠಾ’ ಎಂದರೆ ಹೊಸ್ತಿಲು. ಮರಾಠಿ ಬಲ್ಲವರಿಗೆ ಶೀರ್ಷಿಕೆಯೇ ಅರ್ಧ ಕಥೆ ಹೇಳುತ್ತದೆ.

ಪೋಷಕ ನಟನೆಂದರೆ ಚಿಕ್ಕ ಪಾತ್ರ ಮಾಡುವವನೆಂದಲ್ಲ. ಎದುರಿನ ಪಾತ್ರ ಬೆಳೆಯಲು ಬೇಕಾದ ಒತ್ತಡವನ್ನು ಒದಗಿಸುವವನು ಅವನು. ಗಂಡ ಕ್ರೂರಿಯಾಗಿದ್ದರೆ ಸುಲಭಾಳ ನಿರ್ಧಾರ ಸುಲಭವಾಗಿಬಿಡುತ್ತಿತ್ತು. ಕಾರ್ನಾಡರು ಅವನಿಗೆ ಮೆದು ದನಿಯನ್ನೂ ನಿಜವಾದ ಅಕ್ಕರೆಯನ್ನೂ ಕೊಟ್ಟು ಅವಳ ದಾರಿಯನ್ನು ಕಠಿಣಗೊಳಿಸಿದರು. ನಟನಾಗಿ ಅವರ ಅತ್ಯುತ್ತಮ ಕೆಲಸ ಇದೇ ಎನ್ನಬೇಕು.

ಈ ಅವಧಿಯಲ್ಲಿ ನಾಟಕಗಳು ವಿರಳವಾದವು ನಿಜ. ‘ಹಯವದನ’ (1971)ಕ್ಕೂ ‘ನಾಗಮಂಡಲ’ (1988)ಕ್ಕೂ ನಡುವೆ ಬಂದವು ‘ಅಂಜುಮಲ್ಲಿಗೆ’, ‘ಹಿಟ್ಟಿನ ಹುಂಜ’ ಮಾತ್ರ. ಸಿನಿಮಾ ನಾಟಕಕಾರನನ್ನು ನುಂಗಿತೆಂಬ ಕೊರಗಿಗೆ ಇಲ್ಲಿ ಆಧಾರವಿದೆ. ಆದರೆ ‘ನಾಗಮಂಡಲ’ದ ಅಪ್ಪಣ್ಣನನ್ನು ನೋಡಿರಿ. ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕಿ ಬೇರೊಬ್ಬಳ ಬಳಿಗೆ ಹೋಗುವ ಗಂಡ, ಹೊಸ್ತಿಲೊಳಗೇ ಬೇರೊಂದು ಲೋಕ ಕಾಣುವ ರಾಣಿ. ಇವನಲ್ಲಿ ಸಭ್ಯತೆಯಿಲ್ಲ, ಬೀಗವಿದೆ. ‘ಉಂಬರಠಾ’ದಿಂದ ಇದು ಹುಟ್ಟಿತೆಂದು ಹೇಳಲಾಗದು, ಜನಪದ ಕಥೆಗಳು ಅದರ ಮೂಲ. ಆದರೂ ಎರಡನ್ನೂ ಒಟ್ಟಿಗಿಟ್ಟು ಓದುವುದು ಲಾಭದಾಯಕ.

ಮುಂದಿನದು ತಂದೆ, ಗುರು, ಅಧಿಕಾರಸ್ಥರ ಸರಣಿ. ಶಂಕರನಾಗರ ‘ಮಾಲ್ಗುಡಿ ಡೇಸ್’ನಲ್ಲಿ ಧೈರ್ಯದ ಬಗ್ಗೆ ಉಪದೇಶಿಸಿ ಮಗನನ್ನು ಒಬ್ಬನೇ ಮಲಗಲು ಕಳಿಸುವ ತಂದೆ; ತಮಿಳಿನ ‘ಕಾದಲನ್’ (1994)ನಲ್ಲಿ ದುಷ್ಟ ರಾಜ್ಯಪಾಲ; ‘ಇಕ್ಬಾಲ್’ (2005)ನಲ್ಲಿ ಸಿರಿವಂತರ ಮಗನತ್ತ ವಾಲುವ ಕ್ರಿಕೆಟ್ ಗುರು. ಇವುಗಳಲ್ಲಿ ಕೆಲವು ಕೇವಲ ಸಂಭಾವನೆಯ ಪಾತ್ರಗಳು, ಅದನ್ನು ಮುಚ್ಚಿಡಬೇಕಾಗಿಲ್ಲ. ನಾಟಕ ಬರೆದು ಬದುಕುವುದು ಕನ್ನಡದಲ್ಲಿ ಸುಲಭವಾಗಿರಲಿಲ್ಲ.

ಆದರೆ 1990ರ ‘ಸಂತ ಶಿಶುನಾಳ ಶರೀಫ’ದ ಕಳಸದ ಗೋವಿಂದಭಟ್ಟರು ಹಾಗಲ್ಲ. ಮುಸಲ್ಮಾನ ಹುಡುಗನನ್ನು ಶಿಷ್ಯನಾಗಿ ಸ್ವೀಕರಿಸಿ ಊರಿನ ಸಿಟ್ಟನ್ನು ನಕ್ಕು ತಳ್ಳುವ ಬ್ರಾಹ್ಮಣ ಗುರು; ಪ್ರಾಣೇಶಾಚಾರ್ಯನಿಗೆ ಆಗದ್ದು ಇವನಿಗೆ ಸಲೀಸು. ಅದೇ ವರ್ಷ ಪ್ರಕಟವಾದ ‘ತಲೆದಂಡ’ದಲ್ಲಿ ಜಾತಿಯ ಗೆರೆ ದಾಟಿದ ಒಂದು ಮದುವೆಗಾಗಿ ಕಲ್ಯಾಣವೇ ಹೊತ್ತಿ ಉರಿಯುತ್ತದೆ.