ಘರ್ಷಣೆಯ ಹದ: ಹಳೆಯ ಬೈಟ್‌ಕಾಸ್ಟಿಂಗ್ ರೀಲಿನ ಪುನಶ್ಚೇತನ

ಗಾಳದ ಕೋಲಿನ ಹಿಡಿಯ ಮೇಲೆ ಅಡ್ಡಲಾಗಿ ಕೂರುವ ಉರುಳೆಯೊಂದು, ಗಾಳ ಎಸೆದಾಗ ತಾನೇ ತಿರುಗಿ ದಾರವನ್ನು ಬಿಟ್ಟುಕೊಡುತ್ತ, ಹಿಡಿಕೆ ತಿರುವಿದಾಗ ಅದೇ ದಾರವನ್ನು ಸುತ್ತಿಕೊಳ್ಳುವಂತೆ ರಚಿಸಿದ ಸಾಧನಕ್ಕೆ ಬೈಟ್‌ಕಾಸ್ಟಿಂಗ್ ರೀಲ್ ಎಂದು ಹೆಸರು. ಸ್ಪಿನ್ನಿಂಗ್ ರೀಲ್ ಎಂಬ ಇನ್ನೊಂದು ಬಗೆಯಲ್ಲಿ ಎಸೆತದ ವೇಳೆ ಉರುಳೆ ನಿಂತಲ್ಲೇ ನಿಂತಿದ್ದು, ದಾರ ಮಾತ್ರ ಅದರ ಅಂಚಿನ ಮೇಲಿಂದ ಸುರುಳಿಸುರುಳಿಯಾಗಿ ಜಾರಿ ಹೋಗುತ್ತದೆ. ಬೈಟ್‌ಕಾಸ್ಟಿಂಗ್ ರೀಲಿನಲ್ಲಿ ದಾರ ಹೊರಡಬೇಕಾದರೆ ಉರುಳೆಯೇ ತಿರುಗಬೇಕು. ಈ ರೀಲಿನ ಗುರಿಯ ನಿಖರತೆ, ದಪ್ಪ ದಾರವನ್ನೂ ನಿಭಾಯಿಸುವ ಸಾಮರ್ಥ್ಯ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ದಾರವನ್ನು ಸಿಕ್ಕುಸಿಕ್ಕಾಗಿಸುವ ಕುಖ್ಯಾತಿ, ಇವೆಲ್ಲವೂ ಆ ಒಂದು ವ್ಯತ್ಯಾಸದಿಂದ ಹುಟ್ಟಿದವು. ಉರುಳೆ ಹಗುರವಾಗಿ ತಿರುಗಲು ಘರ್ಷಣೆ ಇರಬಾರದು, ಆದರೆ ಅದು ಹದ್ದುಮೀರದಿರಲು ಮತ್ತು ಮೀನಿನ ಎಳೆತಕ್ಕೆ ದಾರ ಹರಿಯದಿರಲು ಘರ್ಷಣೆ ಬೇಕೇ ಬೇಕು. ಬಳಸಿ ಬಿಟ್ಟ ರೀಲೊಂದನ್ನು ದುರಸ್ತಿ ಮಾಡಿ ಮೇಲ್ದರ್ಜೆಗೇರಿಸುವ ಕೆಲಸವೆಂದರೆ, ಮೂಲತಃ ಈ ಬೇಕು-ಬೇಡಗಳನ್ನು ಮತ್ತೆ ಅವುಗಳ ಜಾಗದಲ್ಲಿ ಕೂರಿಸುವ ಕೆಲಸ.

ಈ ಯಂತ್ರದ ವಂಶಾವಳಿ ಗಡಿಯಾರದವರ ಮನೆಯಿಂದ ಆರಂಭವಾಗುತ್ತದೆ. ಹಿಡಿಕೆ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಜೋಡಿಸಿದ ರೀಲನ್ನು ಅಮೆರಿಕದಲ್ಲಿ ಮೊದಲಿಗೆ ರೂಪಿಸಿದ ಖ್ಯಾತಿ, 19ನೇ ಶತಮಾನದ ಆರಂಭದ ದಶಕಗಳಲ್ಲಿ ಕೆಂಟಕಿ ರಾಜ್ಯದ ಪ್ಯಾರಿಸ್ ಪಟ್ಟಣದಲ್ಲಿದ್ದ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್‌ಗೆ ಸಲ್ಲುತ್ತದೆ. ಸ್ವೀಡನ್ನಿನ ಸ್ವೆಂಗ್‌ಸ್ಟಾ ಎಂಬ ಊರಿನಲ್ಲಿ ಕಾರ್ಲ್ ಆಗಸ್ಟ್ ಬೋರ್ಗ್‌ಸ್ಟ್ರೊಮ್ 1921ರಲ್ಲಿ ಸ್ಥಾಪಿಸಿದ ಸಂಸ್ಥೆಯೂ ಗಡಿಯಾರದ ಕಾರ್ಖಾನೆಯೇ ಆಗಿತ್ತು. ಅದು ಟ್ಯಾಕ್ಸಿ ಮೀಟರುಗಳನ್ನು ತಯಾರಿಸಿ, ಕೊನೆಗೆ ಊರಿನ ಪಕ್ಕದಲ್ಲೇ ಹರಿಯುವ ಸಾಲ್ಮನ್ ಮೀನುಗಳ ಮೊರುಮ್ ನದಿಗೆ ತಕ್ಕಂತೆ ರೀಲುಗಳ ಕಡೆಗೆ ಹೊರಳಿತು. ಆಬು ಎಂಬ ಹೆಸರಿನ ಆ ಸಂಸ್ಥೆ 1952ರಲ್ಲಿ ಹೊರತಂದ ಅಂಬಾಸಡರ್ 5000 ಮತ್ತು ಅದರ ನಂತರದ ಮಾದರಿಗಳು ಇಂದಿಗೂ ಹಳೆಯ ರೀಲುಗಳ ಮಾರುಕಟ್ಟೆಯಲ್ಲಿ ಕೈಯಿಂದ ಕೈಗೆ ದಾಟುತ್ತಿವೆ. ಆ ಕಾಲದ ರೀಲುಗಳು ಚರ್ಮದ ಪೆಟ್ಟಿಗೆಯೊಳಗೆ ಬರುತ್ತಿದ್ದವು ಮತ್ತು ರೀಲಿನ ಜೊತೆಯಲ್ಲೇ ಕೆಲವು ಬಿಡಿಭಾಗಗಳೂ ಪುಟ್ಟ ಸ್ಪ್ಯಾನರೂ ಇರುತ್ತಿದ್ದವು ಎಂಬುದೇ, ಬಳಸುವವನು ಇದನ್ನು ತಾನೇ ಬಿಚ್ಚಿ ಸರಿಪಡಿಸಿಕೊಳ್ಳಬೇಕೆಂಬ ತಯಾರಕರ ಉದ್ದೇಶವನ್ನು ತಿಳಿಸುತ್ತದೆ.

ದುರಸ್ತಿಗೆ ಕೈಹಾಕುವ ಮುನ್ನ ಎಸೆತದ ವೇಳೆ ರೀಲಿನೊಳಗೆ ಏನಾಗುತ್ತದೆಂಬುದನ್ನು ತಿಳಿದಿರಬೇಕು. ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತಿದಾಗ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಉರುಳೆಯ ಅಕ್ಷದಿಂದ ಕಳಚಿಕೊಂಡು, ಉರುಳೆ ಗಿಯರುಗಳ ಹಂಗಿಲ್ಲದೆ ಸ್ವತಂತ್ರವಾಗುತ್ತದೆ. ತುಂಬಿದ ಉರುಳೆಯ ಸುತ್ತಳತೆ 11 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಗಾಳಕ್ಕೆ ಕಟ್ಟಿದ ಹುಸಿಮೀನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರುವಾಗ ಉರುಳೆಯು ನಿಮಿಷಕ್ಕೆ 10,000 ಸುತ್ತುಗಳಿಗೂ ಮೀರಿ ತಿರುಗಬೇಕಾಗುತ್ತದೆ. ಗಾಳಿಯ ಪ್ರತಿರೋಧದಿಂದ ಹುಸಿಮೀನಿನ ವೇಗ ಬೇಗನೆ ತಗ್ಗುತ್ತದೆ; ಜಡತ್ವದ ಕಾರಣ ಉರುಳೆಯ ವೇಗ ಅಷ್ಟು ಬೇಗ ತಗ್ಗುವುದಿಲ್ಲ. ಹೊರಗೆ ಹೋಗುವುದಕ್ಕಿಂತ ಹೆಚ್ಚು ದಾರವನ್ನು ಉರುಳೆ ಬಿಚ್ಚಿದಾಗ, ಗಾಳಿ ಬಿದ್ದುಹೋದರೂ ಗಾಳಿಪಟದ ದಾರದುರುಳೆ ತಿರುಗುತ್ತಲೇ ಇದ್ದಂತಾಗಿ, ಹೆಚ್ಚಾದ ದಾರ ಉಬ್ಬಿ ಹೆಣೆದುಕೊಳ್ಳುತ್ತದೆ. ಬ್ಯಾಕ್‌ಲ್ಯಾಷ್ ಎಂದು ಕರೆಯುವ ಈ ಸಿಕ್ಕು ನೋಡಲು ಹಕ್ಕಿಯ ಗೂಡಿನಂತಿರುತ್ತದೆ.

ಇದನ್ನು ತಡೆಯಲು ಅಂಬಾಸಡರ್ ಮಾದರಿಗಳಲ್ಲಿ ಕೇಂದ್ರಾಪಗಾಮಿ ಬ್ರೇಕ್ ಇದೆ. ಉರುಳೆಯ ಒಂದು ತುದಿಯಲ್ಲಿ ಅಡ್ಡವಾಗಿರುವ ತೆಳು ಕಡ್ಡಿಗಳ ಮೇಲೆ ಎರಡು ಪುಟ್ಟ ತುಂಡುಗಳು ಸಡಿಲವಾಗಿ ಕೂತಿರುತ್ತವೆ. ಉರುಳೆ ತಿರುಗಿದೊಡನೆ ಅವು ಹೊರಕ್ಕೆ ಸರಿದು, ಸುತ್ತಲಿನ ಲೋಹದ ಬಳೆಗೆ ಉಜ್ಜುತ್ತವೆ. ಹೊರದೂಡುವ ಬಲವು ತಿರುಗುವ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗ ಅರ್ಧಕ್ಕೆ ಇಳಿದರೆ ಉಜ್ಜುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಉರುಳೆ ಹುಚ್ಚೆದ್ದು ತಿರುಗುವ ಆರಂಭದಲ್ಲಿ ಬ್ರೇಕ್ ಬಿಗಿಯಾಗಿ ಹಿಡಿದು, ಎಸೆತದ ಕೊನೆಯಲ್ಲಿ ತಾನಾಗಿಯೇ ಸಡಿಲಗೊಳ್ಳುತ್ತದೆ. ಹಳೆಯ ರೀಲು ಪದೇಪದೇ ಸಿಕ್ಕು ಹಾಕುತ್ತಿದ್ದರೆ, ಈ ತುಂಡುಗಳು ಸವೆದಿರುತ್ತವೆ, ಕಳೆದುಹೋಗಿರುತ್ತವೆ, ಅಥವಾ ಬಳೆಗೆ ಎಣ್ಣೆ ಹರಡಿ ಉಜ್ಜಬೇಕಾದುದು ಜಾರುತ್ತಿರುತ್ತದೆ.

ಹಳೆಯ ರೀಲನ್ನು ಕೊಳ್ಳುವ ಮುನ್ನ ನೋಡಬೇಕಾದದ್ದು ಹೊರಮೈಯ ಗೀರುಗಳನ್ನಲ್ಲ. ಹಿಡಿಕೆಯನ್ನು ನಿಧಾನವಾಗಿ ತಿರುವುತ್ತ ಬೆರಳ ತುದಿಗೆ ಬರುವ ಸೂಚನೆಗಳನ್ನು ಗಮನಿಸಿದರೆ ರೀಲು ತನ್ನ ಕಥೆಯನ್ನು ತಾನೇ ಹೇಳುತ್ತದೆ: ಎಡೆಬಿಡದೆ ಮರಳು ಅರೆದಂತಾದರೆ ಗ್ರೀಸ್ ಕೊಳೆತಿದೆ ಅಥವಾ ಬೇರಿಂಗ್‌ಗೆ ಕಸ ಸೇರಿದೆ, ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕುಕ್ಕಿದಂತಾದರೆ ಗಿಯರಿನ ಹಲ್ಲಿಗೆ ಪೆಟ್ಟು ಬಿದ್ದಿದೆ, ದಾರವನ್ನು ಎಡದಿಂದ ಬಲಕ್ಕೆ ಸಮನಾಗಿ ಹಾಸುವ ಚಿಮುಟ ಒಂದು ಕೊನೆಯಲ್ಲಿ ಅಂಟಿಕೊಂಡರೆ ಅದರ ಅಡಿಯ ಹಲ್ಲು ಸವೆದಿದೆ. ಮೊದಲನೆಯದು ತೊಳೆದರೆ ಹೋಗುವ ದೋಷ, ಮೂರನೆಯದು ಅಗ್ಗದ ಬಿಡಿಭಾಗವೊಂದರಿಂದ ನೀಗುವ ದೋಷ. ಎರಡನೆಯದಕ್ಕೆ ಮಾತ್ರ ಗಿಯರನ್ನೇ ಬದಲಿಸಬೇಕಾಗುತ್ತದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪುವಂತಿಲ್ಲ. ಹಳೆಯ ಅಂಬಾಸಡರ್‌ಗಳಲ್ಲಿ ಬೆರಳಿನಿಂದಲೇ ತಿರುಗಿಸಬಹುದಾದ ಮೂರು ಸ್ಕ್ರೂಗಳನ್ನು ಸಡಿಲಿಸಿದರೆ ಬದಿಯ ಫಲಕ ಕೈಗೆ ಬಂದು ಉರುಳೆ ಹೊರಜಾರುತ್ತದೆ. ಬಿಳಿಯ ಬಟ್ಟೆ ಹಾಸಿದ ತಟ್ಟೆಯೊಳಗೆ, ಬಿಚ್ಚಿದ ಕ್ರಮದಲ್ಲೇ ಭಾಗಗಳನ್ನು ಸಾಲಾಗಿ ಇಟ್ಟು, ಹಂತಹಂತಕ್ಕೂ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ಪಿನಿಯನ್ನನ್ನು ಹಿಡಿದಿರುವ ಕವಲಿನ ಕೆಳಗೆ ಎರಡು ಸಣ್ಣ ಸ್ಪ್ರಿಂಗುಗಳಿರುತ್ತವೆ. ಕವಲನ್ನು ಬೆರಳಿನಿಂದ ಅದುಮಿ ಹಿಡಿಯದೆ ಎತ್ತಿದರೆ ಅವು ಚಿಮ್ಮಿ ಕೋಣೆಯ ಮೂಲೆ ಸೇರುತ್ತವೆ.

ಶುಚಿಗೊಳಿಸುವಾಗ ಪ್ರತಿ ಲೋಹದ ಗುಣವನ್ನೂ ಗಮನದಲ್ಲಿಡಬೇಕು. ಹಿತ್ತಾಳೆಯ ಭಾಗಗಳ ಮೇಲೆ ಕಟ್ಟಿದ ಹಸಿರು ಕಿಲುಬು ಹುಳಿಯ ಅಂಶವಿರುವ ದುರ್ಬಲ ದ್ರಾವಣದಲ್ಲಿ ಕರಗುತ್ತದೆ. ಬಣ್ಣ ಹಿಡಿಸಿದ ಅಲ್ಯೂಮಿನಿಯಂ ಫಲಕಗಳನ್ನು ಕಾಯುವುದು ಅದರ ಮೇಲಿನ ಆಕ್ಸೈಡ್ ಪದರ. ಆ ಪದರವನ್ನು ಪ್ರಬಲ ಆಮ್ಲವೂ ಕ್ಷಾರವೂ ತಿನ್ನುವುದರಿಂದ, ಅಲ್ಲಿ ಬೆಚ್ಚಗಿನ ನೀರು, ಸೌಮ್ಯ ಸಾಬೂನು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಉಪ್ಪುನೀರು ಕಂಡ ರೀಲಿನಲ್ಲಿ ಹಿತ್ತಾಳೆ ಮತ್ತು ಅಲ್ಯೂಮಿನಿಯಂ ತಾಗುವ ಜಾಗಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ವಿದ್ಯುತ್ ಕೋಶವೇ ಆಗಿ, ಅಲ್ಯೂಮಿನಿಯಂ ಪುಡಿಪುಡಿಯಾಗಿ ಸವೆಯುತ್ತದೆ.

ಜಿಡ್ಡು ಹಚ್ಚುವಲ್ಲಿಯೂ ಇದೇ ವಿವೇಚನೆ ಬೇಕು. ಒತ್ತಡ ಹೆಚ್ಚು, ವೇಗ ಕಡಿಮೆ ಇರುವ ಗಿಯರ್ ಹಲ್ಲುಗಳಿಗೆ ಗ್ರೀಸ್ ತಕ್ಕದ್ದು. ವೇಗ ಹೆಚ್ಚು, ಒತ್ತಡ ಕಡಿಮೆ ಇರುವ ಉರುಳೆಯ ಬೇರಿಂಗ್‌ಗೆ ತೆಳುವಾದ ಎಣ್ಣೆ ಒಂದೆರಡು ಹನಿ ಸಾಕು. ಬೇರಿಂಗನ್ನು ದ್ರಾವಕದಲ್ಲಿ ನೆನೆಸಿ ಹಳೆಯ ಜಿಡ್ಡನ್ನು ತೆಗೆದು, ಪೂರ್ತಿ ಒಣಗಿಸಿದ ಮೇಲೆ ಹೊಸ ಎಣ್ಣೆ ಹಾಕಬೇಕು. ತೊಳೆದ ಬೇರಿಂಗನ್ನು ಎಣ್ಣೆಯಿಲ್ಲದೆ ಗಾಳಿ ಊದಿ ತಿರುಗಿಸುವ ಹವ್ಯಾಸ ನೋಡಲು ಚೆಂದವಾದರೂ, ಅದರಿಂದ ಗುಂಡುಗಳಿಗೂ ಹಳಿಗೂ ಗಾಯವಾಗುತ್ತದೆ.

ಮೇಲ್ದರ್ಜೆಗೇರಿಸುವ ವಿಷಯದಲ್ಲಿ ಮೊದಲು ಕೇಳಿಬರುವುದು ಸೆರಾಮಿಕ್ ಬೇರಿಂಗ್. ಇದರಲ್ಲಿ ಹಳಿಗಳು ಉಕ್ಕಿನವೇ ಆಗಿದ್ದು ಗುಂಡುಗಳು ಮಾತ್ರ ಸಿಲಿಕಾನ್ ನೈಟ್ರೈಡಿನವು; ಅವು ಉಕ್ಕಿನ ಗುಂಡುಗಳ ಅರ್ಧಕ್ಕಿಂತ ಕಡಿಮೆ ತೂಗುತ್ತವೆ, ಹೆಚ್ಚು ಗಡುಸಾಗಿರುತ್ತವೆ, ತುಕ್ಕು ಹಿಡಿಯುವುದಿಲ್ಲ. ಈ ಬದಲಾವಣೆಯಿಂದ ಉರುಳೆ ಹೆಚ್ಚು ಹೊತ್ತು ತಿರುಗುವುದು ನಿಜ, ಆದರೆ ಹಳೆಯ ಉರುಳೆಯ ತೂಕ ಇದ್ದಷ್ಟೇ ಇರುವುದರಿಂದ ಅದರ ಜಡತ್ವ ಒಂದಿಷ್ಟೂ ತಗ್ಗುವುದಿಲ್ಲ. ತಡೆಯಿಲ್ಲದ ಭಾರವಾದ ಉರುಳೆ ಸಿಕ್ಕಿಗೆ ಆಹ್ವಾನವಾದ್ದರಿಂದ, ಬೇರಿಂಗ್ ಬದಲಿಸಿದವರು ಬ್ರೇಕಿನ ತುಂಡುಗಳನ್ನೂ ಹೊಸದಾಗಿಸಬೇಕು. ಒಂದು ಜಾಗದಲ್ಲಿ ತೆಗೆದ ಘರ್ಷಣೆಯನ್ನು ಇನ್ನೊಂದು ಜಾಗದಲ್ಲಿ ಲೆಕ್ಕವಿಟ್ಟು ಹಿಂದಿರುಗಿಸಲೇಬೇಕು.

ಇದಕ್ಕಿಂತ ಹೆಚ್ಚು ಫಲ ಕೊಡುವ ಬದಲಾವಣೆ ನಡೆಯುವುದು ಡ್ರ್ಯಾಗ್ ಎಂಬ ವ್ಯವಸ್ಥೆಯಲ್ಲಿ. ಮುಖ್ಯ ಗಿಯರಿನ ಹೊಟ್ಟೆಯೊಳಗೆ ಲೋಹದ ಮತ್ತು ಘರ್ಷಕ ವಸ್ತುವಿನ ವಾಷರುಗಳು ಒಂದರ ಮೇಲೊಂದು ಕೂತಿದ್ದು, ಹಿಡಿಕೆಯ ಬುಡದ ನಕ್ಷತ್ರಾಕಾರದ ಚಕ್ರವನ್ನು ಬಿಗಿದಷ್ಟೂ ಅವು ಒತ್ತಿಕೊಳ್ಳುತ್ತವೆ. ಮೀನಿನ ಎಳೆತ ನಿಗದಿತ ಮಿತಿ ದಾಟಿದಾಗ ವಾಷರುಗಳು ಜಾರಿ ದಾರವನ್ನು ಹರಿಯಗೊಡದೆ ಬಿಟ್ಟುಕೊಡುತ್ತವೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ ತಾಣಗಳಲ್ಲಿ ಮಹಸೀರ್ ಮೀನನ್ನು ಗಾಳಕ್ಕೆ ಹಿಡಿದು ಮರಳಿ ಹೊಳೆಗೆ ಬಿಡುವ ಕ್ರೀಡೆ ನಡೆಯುತ್ತಿದ್ದ ಕಾಲದಲ್ಲಿ, ಗಾಳ ತಗುಲಿದೊಡನೆ ಆ ಮೀನು ಕೀಳುತ್ತಿದ್ದ ಮೊದಲ ಓಟವನ್ನು ತಾಳಿಕೊಳ್ಳಬೇಕಾದದ್ದು ಇಂಥ ಡ್ರ್ಯಾಗೇ. ಹಳೆಯ ವಾಷರುಗಳ ತೊಂದರೆ ಎಂದರೆ, ನಿಂತಿರುವಾಗಿನ ಘರ್ಷಣೆ ಜಾರುವಾಗಿನ ಘರ್ಷಣೆಗಿಂತ ಬಹಳ ಹೆಚ್ಚಿರುತ್ತದೆ. ಆದ್ದರಿಂದ ದಾರ ಸರಾಗವಾಗಿ ಹೋಗದೆ ಹಿಡಿದು-ಬಿಟ್ಟು, ಹಿಡಿದು-ಬಿಟ್ಟು ಜಗ್ಗುತ್ತದೆ, ಮತ್ತು ಹಿಡಿದ ಕ್ಷಣವೊಂದರಲ್ಲಿ ಹರಿಯುತ್ತದೆ. ಕಾರ್ಬನ್ ನಾರಿನ ವಾಷರುಗಳಲ್ಲಿ ಈ ಎರಡರ ಅಂತರ ಕಡಿಮೆ, ಬಿಸಿಯನ್ನು ತಾಳುವ ಗುಣ ಹೆಚ್ಚು. ಎಷ್ಟೇ ಒಳ್ಳೆಯ ವಾಷರಿದ್ದರೂ ಜ್ಯಾಮಿತಿಯಿಂದ ಬಿಡುಗಡೆಯಿಲ್ಲ: ಉರುಳೆಯ ಮೇಲಿನ ದಾರದ ತ್ರಿಜ್ಯ 18 ಮಿಲಿಮೀಟರ್ ಇದ್ದಾಗ 2 ಕಿಲೋ ಎಳೆತಕ್ಕೆ ಜಾರುವ ಡ್ರ್ಯಾಗ್, ದಾರ ಹೋಗಿ ತ್ರಿಜ್ಯ 12 ಮಿಲಿಮೀಟರಿಗೆ ಇಳಿದಾಗ 3 ಕಿಲೋ ಎಳೆತಕ್ಕಷ್ಟೇ ಜಾರುತ್ತದೆ.

ಉದ್ದನೆಯ ಹಿಡಿಕೆಯನ್ನು ಹಾಕುವುದು ಮೂರನೆಯ ಸುಧಾರಣೆ. ಹಿಡಿಕೆಯ ಉದ್ದ 70 ಮಿಲಿಮೀಟರಿನಿಂದ 100 ಮಿಲಿಮೀಟರಿಗೆ ಏರಿದರೆ ಅದೇ ಕೈಬಲಕ್ಕೆ ಸುಮಾರು 1.4 ಪಟ್ಟು ತಿರುಗುಬಲ ಸಿಗುತ್ತದೆ. ಆ ಹೆಚ್ಚುವರಿ ಬಲವೆಲ್ಲ ಹಳೆಯ ಹಿತ್ತಾಳೆಯ ಹಲ್ಲುಗಳ ಮೇಲೆಯೇ ಬೀಳುವುದರಿಂದ, ಗಿಯರುಗಳ ಆರೋಗ್ಯ ಖಚಿತವಾಗದೆ ಹಿಡಿಕೆ ಬದಲಿಸುವುದು ತರವಲ್ಲ.

ಎಲ್ಲವನ್ನೂ ಮರುಜೋಡಿಸಿದ ಬಳಿಕದ ಪರೀಕ್ಷೆ ಸರಳವಾದದ್ದು. ಬದಿಯಲ್ಲಿರುವ ಬಿಗಿತದ ಗುಬಟನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಗುಂಡಿ ಒತ್ತಿದಾಗ ಹುಸಿಮೀನು ನಿಧಾನವಾಗಿ ಇಳಿದು, ಅದು ನೆಲ ಮುಟ್ಟಿದ ಕೂಡಲೇ ಉರುಳೆಯೂ ನಿಲ್ಲುವಂತೆ ಹೊಂದಿಸಬೇಕು. ಇಳಿಯದೆ ತೂಗಾಡಿದರೆ ಘರ್ಷಣೆ ಹೆಚ್ಚಾಗಿದೆ. ನೆಲ ಮುಟ್ಟಿದ ಮೇಲೂ ಉರುಳೆ ಸುತ್ತಿ ದಾರ ಉಬ್ಬಿದರೆ ಘರ್ಷಣೆ ಕಡಿಮೆಯಾಗಿದೆ. ಹುಸಿಮೀನಿನ ತೂಕ ಬದಲಾದಾಗಲೆಲ್ಲ ಈ ಹದವೂ ಬದಲಾಗುವುದರಿಂದ, ಗುಬಟಿನ ಬಿಗಿತವನ್ನು ಒಮ್ಮೆ ಹೊಂದಿಸಿ ಮರೆಯುವಂತಿಲ್ಲ, ಪ್ರತಿ ಸಲ ಹೊಸದಾಗಿ ನೋಡಿಕೊಳ್ಳಬೇಕಾಗುತ್ತದೆ.