ಪಟ್ಟಿಯಿಂದ ಜಾರಿಹೋದ ಬಸವರಾಜ

ಊರಿನ ಗ್ರಂಥಾಲಯವೊಂದರ ಡೇಟಾಬೇಸ್‌ನಲ್ಲಿ ಎರಡು ಟೇಬಲ್‌ಗಳಿವೆ ಎಂದುಕೊಳ್ಳಿ. ಮೊದಲನೆಯದು ಸದಸ್ಯರದು: 1 ಗಿರಿಜಾ, 2 ಬಸವರಾಜ, 3 ಫಾತಿಮಾ. ಎರಡನೆಯದು ಎರವಲು ಹೋದ ಪುಸ್ತಕಗಳದು, ಒಟ್ಟು ನಾಲ್ಕು ಸಾಲು. ಗಿರಿಜಾ ಹೆಸರಿಗೆ ಎರಡು ಪುಸ್ತಕ, ಫಾತಿಮಾಗೆ ಒಂದು. ಉಳಿದ ಸಾಲಿನಲ್ಲಿ ಸದಸ್ಯ ಸಂಖ್ಯೆ 9 ಎಂದಿದೆ. ಆ ಸಂಖ್ಯೆಯವರು ಸದಸ್ಯರಲ್ಲೇ ಇಲ್ಲ. ಯಾರೋ ಹೆಸರು ಅಳಿಸಿದ್ದಾರೆ, ಪುಸ್ತಕದ ಲೆಕ್ಕ ಹಾಗೇ ಉಳಿದಿದೆ. ಬಸವರಾಜನೋ, ಸದಸ್ಯನಾದ ಮೇಲೆ ಆ ಕಡೆ ತಲೆಹಾಕಿಲ್ಲ.

ಯಾರ ಬಳಿ ಯಾವ ಪುಸ್ತಕವಿದೆ ಎಂದು ತಿಳಿಯಲು ಎರಡೂ ಟೇಬಲ್‌ಗಳನ್ನು ಸದಸ್ಯ ಸಂಖ್ಯೆಯ ಮೇಲೆ ಜೋಡಿಸಬೇಕು. ಅದೇ ಜಾಯಿನ್. ಮಾಹಿತಿಯನ್ನು ಬಿಡಿಬಿಡಿ ಟೇಬಲ್‌ಗಳಲ್ಲಿಟ್ಟು ಬೇಕಾದಾಗ ಹೀಗೆ ಜೋಡಿಸುವ ವಿಧಾನಕ್ಕೆ ಗಣಿತದ ತಳಹದಿ ಹಾಕಿದ್ದು ಐಬಿಎಂನ ಎಡ್ಗರ್ ಕಾಡ್, 1970ರ ಪ್ರಬಂಧದಲ್ಲಿ. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮುಂದಿಟ್ಟ ಸೀಕ್ವೆಲ್ ಭಾಷೆ ಮುಂದೆ ಎಸ್‌ಕ್ಯೂಎಲ್ ಆಯಿತು.

ಇನ್ನರ್ ಜಾಯಿನ್ ಮಾಡಿದರೆ ಎರಡೂ ಕಡೆ ತಾಳೆಯಾದ ಮೂರು ಸಾಲು ಮಾತ್ರ ಬರುತ್ತವೆ. ಬಸವರಾಜನೂ ಇಲ್ಲ, ಒಂಬತ್ತನೆಯವರ ಪುಸ್ತಕವೂ ಇಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ; ಪಟ್ಟಿ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ, ಅಪಾಯವಿರುವುದೂ ಅಲ್ಲೇ. ಸದಸ್ಯರನ್ನು ಎಡಕ್ಕಿಟ್ಟು ಲೆಫ್ಟ್ ಜಾಯಿನ್ ಮಾಡಿದರೆ ನಾಲ್ಕು ಸಾಲು. ಬಸವರಾಜ ಬರುತ್ತಾನೆ, ಪುಸ್ತಕದ ಜಾಗದಲ್ಲಿ ನಲ್, ಅಂದರೆ ಮಾಹಿತಿ ಇಲ್ಲವೆಂಬ ಗುರುತು, ಇರುತ್ತದೆ. ರೈಟ್ ಜಾಯಿನ್ ಇದರ ಕನ್ನಡಿಬಿಂಬ. ಟೇಬಲ್‌ಗಳ ಜಾಗ ಅದಲುಬದಲು ಮಾಡಿದರೆ ಅದರ ಹಂಗೇ ಬೇಡ. ಫುಲ್ ಜಾಯಿನ್‌ನಲ್ಲಿ ಐದು ಸಾಲು, ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಕ್ರಾಸ್ ಜಾಯಿನ್ ಪ್ರತಿಯೊಬ್ಬರನ್ನೂ ಪ್ರತಿ ಸಾಲಿಗೂ ಗಂಟುಹಾಕಿ ಹನ್ನೆರಡು ಸಾಲು ಕೊಡುತ್ತದೆ. ಎರಡೂ ಟೇಬಲ್‌ಗಳಲ್ಲಿ ಸಾವಿರ ಸಾವಿರ ಸಾಲಿದ್ದರೆ ಹತ್ತು ಲಕ್ಷ!

ತರಗತಿಗಳಲ್ಲಿ ಇದನ್ನೆಲ್ಲ ಎರಡು ವೃತ್ತ ಬರೆದು ಕಲಿಸುತ್ತಾರೆ. ನನಗೆ ಆ ಚಿತ್ರ ಅಷ್ಟಾಗಿ ಹಿಡಿಸದು. ಗಿರಿಜಾ ಫಲಿತಾಂಶದಲ್ಲಿ ಎರಡು ಸಲ ಬರುತ್ತಾಳೆ ಎಂಬುದು ವೃತ್ತದಲ್ಲಿ ಎಲ್ಲಿ ಕಾಣುತ್ತದೆ? ಸದಸ್ಯರ ಟೇಬಲ್‌ನಲ್ಲಿ ಠೇವಣಿ ಹಣದ ಕಾಲಂ ಇದ್ದು, ಜೋಡಿಸಿದ ಮೇಲೆ ಮೊತ್ತ ಹಾಕಿದಿರೋ, ಗಿರಿಜಾಳ ಠೇವಣಿ ಇಮ್ಮಡಿಯಾಗಿರುತ್ತದೆ.

ಇನ್ನೊಂದು ಬಲೆ ಪಳಗಿದವರನ್ನೂ ಬೀಳಿಸುತ್ತದೆ. ಲೆಫ್ಟ್ ಜಾಯಿನ್ ಬರೆದು, ಈ ವರ್ಷದ ಎರವಲು ಮಾತ್ರ ಸಾಕೆಂದು ದಿನಾಂಕದ ಷರತ್ತನ್ನು, ಜೋಡಿಸಿದ ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ಹಾಕುತ್ತೇವೆ. ಬಸವರಾಜನ ದಿನಾಂಕ ನಲ್. ನಲ್ ಯಾವ ಹೋಲಿಕೆಯಲ್ಲೂ ನಿಜವೆಂದು ಗೆಲ್ಲುವುದಿಲ್ಲ, ಹಾಗಾಗಿ ಕಷ್ಟಪಟ್ಟು ಉಳಿಸಿಕೊಂಡ ಸಾಲು ಮತ್ತೆ ಉದುರುತ್ತದೆ. ಅದೇ ಷರತ್ತನ್ನು, ಯಾವುದರ ಮೇಲೆ ಜೋಡಿಸಬೇಕೆಂದು ಹೇಳುವ ಆನ್ ಭಾಗದಲ್ಲಿ ಬರೆದರೆ ಆತ ಉಳಿಯುತ್ತಾನೆ. ಎಣಿಸುವಾಗಲೂ ಹುಷಾರು: ಕೌಂಟ್‌ಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಒಂದೂ ಪುಸ್ತಕ ಮುಟ್ಟದ ಬಸವರಾಜನ ಲೆಕ್ಕಕ್ಕೆ 1 ಬೀಳುತ್ತದೆ. ಪುಸ್ತಕದ ಕಾಲಂ ಹೆಸರು ಕೊಟ್ಟರೆ ಮಾತ್ರ ಸೊನ್ನೆ.

ನಲ್ ಉಪಯೋಗಕ್ಕೂ ಬರುತ್ತದೆ. ಲೆಫ್ಟ್ ಜಾಯಿನ್ ಮಾಡಿ, ಎರವಲಿನ ಸಂಖ್ಯೆ ನಲ್ ಆಗಿರುವ ಸಾಲುಗಳನ್ನಷ್ಟೇ ಕೇಳಿದರೆ ಒಂದೂ ಪುಸ್ತಕ ಒಯ್ಯದವರ ಪಟ್ಟಿ ಸಿಗುತ್ತದೆ. ಎರವಲಿನ ಟೇಬಲನ್ನು ಎಡಕ್ಕಿಟ್ಟು, ಸದಸ್ಯರ ಕಡೆ ನಲ್ ಇರುವುದನ್ನು ಕೇಳಿದರೆ ಒಂಬತ್ತನೆಯವರ ಪುಸ್ತಕ ಪತ್ತೆ.