ನಗರದ ನೆಲ ಮತ್ತು ಪೌರರ ಮಾತು: ಆರೆಗಾನಿನ ಪ್ರಯೋಗ

ನಗರವು ಬೆಳೆಯುವುದು ಹೊಲಗದ್ದೆಗಳ ಮೇಲೆ. ಯಾವ ಹೊಲವು ಬಡಾವಣೆಯಾಗಬೇಕು, ಯಾವುದು ಹೊಲವಾಗಿಯೇ ಉಳಿಯಬೇಕು ಎಂಬ ನಿರ್ಣಯವನ್ನು ತಜ್ಞರಿಗೇ ಬಿಡತಕ್ಕದ್ದೆ, ಅಥವಾ ಅದರಲ್ಲಿ ಪೌರರಿಗೂ ಪಾಲುಂಟೆ? ಈ ಪ್ರಶ್ನೆಗೆ ಅಮೆರಿಕದ ಆರೆಗಾನ್ ರಾಜ್ಯವು ಕೊಟ್ಟ ಉತ್ತರವನ್ನು ಇಲ್ಲಿ ಪರಿಶೀಲಿಸುತ್ತೇವೆ.

ವಿಲ್ಲಮೆಟ್ ಕಣಿವೆಯ ಫಲವತ್ತಾದ ಭೂಮಿಯನ್ನು ಮನೆಗಳ ಸಾಲುಗಳು ಆಕ್ರಮಿಸತೊಡಗಿದಾಗ, ಗವರ್ನರ್ ಟಾಮ್ ಮೆಕಾಲ್ ಅವರ ಒತ್ತಾಸೆಯಿಂದ 1973ರಲ್ಲಿ ಅಲ್ಲಿ ಭೂಬಳಕೆಯ ಶಾಸನವೊಂದು ಅಂಗೀಕೃತವಾಯಿತು. (ಅಲ್ಲಿಯ ಗವರ್ನರರು ಜನರಿಂದ ಚುನಾಯಿತರು, ನಮ್ಮ ರಾಜ್ಯಪಾಲರಂತಲ್ಲ.) ಶಾಸನದ ಮೇರೆಗೆ ನೇಮಕವಾದ ಏಳು ಸದಸ್ಯರ ಆಯೋಗವು 1974ರ ಕೊನೆಯಲ್ಲಿ 14 ಗುರಿಗಳನ್ನು ಗೊತ್ತುಪಡಿಸಿತು, ಇಂದು ಅವು 19. ಪ್ರತಿ ನಗರವೂ ಮುಂದಿನ 20 ವರ್ಷಗಳಿಗೆ ಸಾಲುವಷ್ಟು ನೆಲವನ್ನು ಒಳಗೊಂಡ ಬೆಳವಣಿಗೆಯ ಮೇರೆಯೊಂದನ್ನು ಎಳೆಯತಕ್ಕದ್ದೆಂಬುದು 14ನೆಯದು. ಪೋರ್ಟ್‌ಲೆಂಡ್ ಪ್ರದೇಶದ ಮೇರೆಯು 1979ರಲ್ಲಿ ನಿಶ್ಚಿತವಾಯಿತು. ಆದರೆ ಗುರಿಗಳ ಪಟ್ಟಿಯಲ್ಲಿ ಮೊದಲನೆಯದು ಬೇಸಾಯವೂ ಅಲ್ಲ, ವಸತಿಯೂ ಅಲ್ಲ, ಪೌರರ ಪಾಲುಗಾರಿಕೆ.

ಈ ಮೊದಲ ಗುರಿಯ ವಿಶೇಷವು ಅದರ ವಿವರಗಳಲ್ಲಿದೆ. ಯೋಜನೆಯ ಎಲ್ಲ ಹಂತಗಳಲ್ಲಿಯೂ ಜನರಿಗೆ ಪ್ರವೇಶವಿರಬೇಕು. ತಾಂತ್ರಿಕ ಸಂಗತಿಗಳು ಸಾಮಾನ್ಯನಿಗೆ ತಿಳಿಯುವ ರೂಪದಲ್ಲಿ ದೊರೆಯಬೇಕು. ಜನರ ಸಲಹೆಗಳಿಗೆ ಅಧಿಕಾರಿಗಳಿಂದ ಉತ್ತರ ಬರಬೇಕು. ನಿರ್ಣಯದ ಕಾರಣಗಳು ಲಿಖಿತವಾಗಿರಬೇಕು. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲಿಯೂ ಸಾರ್ವಜನಿಕರ ಅಭಿಪ್ರಾಯವನ್ನು ಕರೆಯುವ ವಿಧಿಯುಂಟು, ಆದರೆ ಅದು ಕರಡು ಸಿದ್ಧವಾದ ಮೇಲಣ ಮಾತು. ಗೆರೆಗಳೆಲ್ಲ ಬಿದ್ದ ನಕ್ಷೆಯ ಮುಂದೆ ನಿಂತವನು ಆಕ್ಷೇಪಿಸಬಲ್ಲನೇ ಹೊರತು ಯೋಜಿಸಲಾರನು.

ಆರೆಗಾನಿನಲ್ಲಿ ಮಾತಿಗೆ ನ್ಯಾಯದ ಬಲವೂ ಇದೆ. 1979ರಲ್ಲಿ ಭೂಬಳಕೆಯ ಮೇಲ್ಮನವಿಗಳಿಗಾಗಿಯೇ ಪ್ರತ್ಯೇಕ ಮಂಡಳಿಯೊಂದನ್ನು ಸ್ಥಾಪಿಸಲಾಯಿತು. ಸ್ಥಳೀಯ ವಿಚಾರಣೆಯಲ್ಲಿ ಬಾಯಿಮಾತಿನಿಂದಾಗಲಿ ಪತ್ರದ ಮೂಲಕವಾಗಲಿ ಭಾಗವಹಿಸಿದವನು ಅಲ್ಲಿಗೆ ಹೋಗಬಹುದು. ಆದರೆ ವಿಚಾರಣೆಯಲ್ಲಿ ಎತ್ತದ ಆಕ್ಷೇಪವನ್ನು ಸಾಮಾನ್ಯವಾಗಿ ಅನಂತರ ಎತ್ತುವಂತಿಲ್ಲ. ಮೌನಕ್ಕೂ ಬೆಲೆ ತೆರಬೇಕಾದ ಈ ನಿಯಮವು ಕಠಿನವಾದರೂ ಅಸಂಗತವಲ್ಲವೆಂದು ನಮ್ಮ ಎಣಿಕೆ.

ಇಷ್ಟಾದರೂ ವ್ಯವಸ್ಥೆಗೆ ತೀವ್ರವಾದ ಪೆಟ್ಟು ಬಿದ್ದುದು ಪೌರರ ಮತದಿಂದಲೇ. 1976, 1978, 1982ರ ಜನಮತಗಣನೆಗಳಲ್ಲಿ ಅದು ಉಳಿದುಕೊಂಡಿತು. ಕೊನೆಯದರ ವೇಳೆಗೆ ಕ್ಯಾನ್ಸರಿನಿಂದ ನರಳುತ್ತಿದ್ದ ಮೆಕಾಲರು ಅದರ ಪರವಾಗಿ ಪ್ರಚಾರ ಮಾಡಿ, 1983ರ ಜನವರಿಯಲ್ಲಿ ತೀರಿಕೊಂಡರು. ಆದರೆ 2004ರಲ್ಲಿ, ತಾವು ನೆಲವನ್ನು ಪಡೆದ ಮೇಲೆ ಬಂದ ನಿಯಮದಿಂದ ಅದರ ಬೆಲೆ ಇಳಿದಲ್ಲಿ ಒಡೆಯರಿಗೆ ಪರಿಹಾರ ಕೊಡಬೇಕು, ಇಲ್ಲವೆ ನಿಯಮವನ್ನೇ ಸಡಿಲಿಸಬೇಕು ಎಂಬ ಪ್ರಸ್ತಾವಕ್ಕೆ ಶೇಕಡಾ 61ರಷ್ಟು ಮತ ಬಂದಿತು. ಬೃಹತ್ ಬಡಾವಣೆಗಳ ಬೇಡಿಕೆಗಳು ಬಂದುದನ್ನು ಕಂಡ ಅದೇ ಮತದಾರರು 2007ರಲ್ಲಿ ಆ ಹಕ್ಕನ್ನು ಬಹುಮಟ್ಟಿಗೆ ಕೆಲವೇ ಮನೆಗಳಿಗೆ ಮಿತಗೊಳಿಸಿದರು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಸಂಜೆಯ ಸಭೆಗೆ ಬರಲು ಬಿಡುವುಳ್ಳವರು ಹೆಚ್ಚಾಗಿ ಸ್ವಂತ ಮನೆಯುಳ್ಳವರು. ಬಾಡಿಗೆದಾರನೂ, ಇನ್ನೂ ಊರಿಗೆ ಬಾರದ ಮುಂದಿನ ನಿವಾಸಿಯೂ ಅಲ್ಲಿ ಇರುವುದಿಲ್ಲ. ಒಂಟಿಮನೆಗಳಿಗೇ ಮೀಸಲಾಗಿದ್ದ ಬಡಾವಣೆಗಳಲ್ಲಿ ಜೋಡಿಮನೆಗಳಿಗೂ ಅವಕಾಶ ಕೊಡಬೇಕೆಂದು 10,000ಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ 2019ರಲ್ಲಿ ವಿಧಿಸಿದುದು ನೆರೆಹೊರೆಯ ಸಭೆಗಳಲ್ಲ, ರಾಜ್ಯದ ಶಾಸನಸಭೆ.